ಚೀಟಿಯ ನಾಲ್ಕನೆಯ ಸಾಲು

ಹುಳು ಹಿಡಿದು ತರುವವರು ಯಾರೂ ಮೊದಲು ಅದರ ಹೆಸರು ಕೇಳುವುದಿಲ್ಲ. ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟು, “ಇದಕ್ಕೇನು ಹೊಡೀಬೇಕು?” ಎನ್ನುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಇದನ್ನು ತಿಳಿದುಕೊಂಡೇ ಬರಬೇಕು. ಹೆಸರು ಬೇಕಾಗಿರುವುದು ನಮಗೆ. ಅವರಿಗೆ ಬೇಕಾಗಿರುವುದು ತಮ್ಮ ಗಿಡ. ನಾವು ಚೀಟಿಯಲ್ಲಿ ಬರೆದುಕೊಟ್ಟ ಹೆಸರು ಹಿಡಿದುಕೊಂಡು ಅವರು ಮನೆಗೆ ಹೋಗುತ್ತಾರೆ, ಅಲ್ಲಿ ಆ ಹೆಸರಿನ ಮೇಲೆ ಒಂದು ಕೆಲಸ ನಡೆದುಬಿಡುತ್ತದೆ. ನಾನು ಬರೆದ ಒಂದು ತಪ್ಪು ಹೆಸರಿನ ಮೇಲೆ ಆರ್.ಟಿ. ನಗರದ ಒಂದು ಮಾವಿನ ಮರಕ್ಕೆ ಕೊಡಲಿ ಹಾಕಲು ದಿನ ಗೊತ್ತಾಗಿತ್ತು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಅದಕ್ಕೆ ಮೊದಲು ಕೆಲಸ ಹೇಗಿತ್ತು ಅನ್ನುವುದನ್ನು ಸ್ವಲ್ಪ ಹೇಳಬೇಕು.

ನಾನು ಅಲ್ಲಾಳಸಂದ್ರದವನು. ಓದಿದ್ದು ಆರನೇ ಕ್ಲಾಸಿನವರೆಗೆ. ಆಮೇಲೆ ನಮ್ಮಪ್ಪನ ಜೊತೆ ಯಾರ ಯಾರದೋ ದ್ರಾಕ್ಷಿ ಚಪ್ಪರಗಳಿಗೆ ಔಷಧಿ ಹೊಡೆಯುತ್ತಿದ್ದೆ. ಎಪ್ಪತ್ತರ ದಶಕದಲ್ಲಿ ಹೆಬ್ಬಾಳದ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಹಿಂದುಗಡೆ ಉದ್ದಕ್ಕೆ ಒಂದು ಕೋಣೆ ಇತ್ತು. ಎಲ್ಲರೂ ಹುಳದ ರೂಮು ಅನ್ನುತ್ತಿದ್ದರು. ಗೋಡೆ ತುಂಬ ಬೀರು, ಬೀರು ತುಂಬ ಸೀಸೆ, ಸೀಸೆ ತುಂಬ ಸ್ಪಿರಿಟ್ಟು, ಸ್ಪಿರಿಟ್ಟಿನಲ್ಲಿ ಹುಳು. ಆ ವಾಸನೆಗೆ ಬೇರೆ ಅಟೆಂಡರುಗಳು ಒಂದು ತಿಂಗಳೂ ನಿಲ್ಲುತ್ತಿರಲಿಲ್ಲವಂತೆ. ನಾನು ರಿಟೈರ್ ಆಗುವವರೆಗೂ ನಿಂತೆ. ನನ್ನ ಕಾಲದಲ್ಲಿ ಸ್ಪಿರಿಟ್ಟು ಆರಿ ಕೊಳೆತ ಸೀಸೆ ಒಂದೂ ಇಲ್ಲ. ಬೇಕಾದರೆ ಈಗಲೂ ಹೋಗಿ ಬೀರು ತೆಗೆಸಿ ನೋಡಬಹುದು.

ಪ್ರತಿ ಸೀಸೆಯೊಳಗೂ ಒಂದು ಚೀಟಿ ಇರುತ್ತಿತ್ತು. ಪೆನ್ಸಿಲಿನಲ್ಲೇ ಬರೆಯಬೇಕು, ಇಂಕಾದರೆ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ. ಚೀಟಿಗೆ ಮೂರು ಸಾಲು. ಮೊದಲನೆಯದು ಊರು, ತಾರೀಖು. ಎರಡನೆಯದು ಸಿಕ್ಕಿದ ಗಿಡ. ಮೂರನೆಯದು ಹುಳುವಿನ ಹೆಸರು. ಅಂಥದ್ದೇ ಇನ್ನೊಂದು ಚೀಟಿ ಬರೆದು ಹುಳು ತಂದವರ ಕೈಗೆ ಕೊಡಬೇಕು.

ಆಗ ಯಲಹಂಕದ ಕಡೆಯಿಂದ ಮತ್ತಿಕೆರೆಯವರೆಗೂ ದ್ರಾಕ್ಷಿ ತೋಟ, ರಾಗಿ ಹೊಲ ಎಲ್ಲ ಸೈಟುಗಳಾಗುತ್ತಿದ್ದವು. ಮನೆ ಕಟ್ಟಿದವರು ಮುಂದುಗಡೆ ಒಂದು ದಾಸವಾಳ, ಒಂದು ನಿಂಬೆ, ಎರಡು ಗುಲಾಬಿ ಹಾಕುತ್ತಿದ್ದರು. ಹುಳುಗಳು ಎಲ್ಲಿಗೆ ಹೋಗಬೇಕು? ಅವು ಅಲ್ಲೇ ಇದ್ದವು. ಕಾಂಪೌಂಡಿನೊಳಗೆ ಅವು ಕಂಡಾಗ ಮನೆಯವರಿಗೆ ಗಾಬರಿ.

ನಾನು ಸೇರಿದ ಹೊಸತರಲ್ಲಿ ಮತ್ತಿಕೆರೆಯಿಂದ ಒಬ್ಬರು ಬಂದರು. ಕಾಲೇಜು ಹುಡುಗರಿಗೆ ರೂಮು ಬಾಡಿಗೆ ಕೊಟ್ಟುಕೊಂಡಿದ್ದವರು. ಇರುವೆಗಳು ದಾಸವಾಳದ ಮೊಗ್ಗು ತಿನ್ನುತ್ತಿವೆ ಎಂದರು. ಪೊಟ್ಟಣ ತೆಗೆದರೆ ಸಾಧಾರಣ ಕಪ್ಪಿರುವೆ. ಪುಡಿ ಕೊಟ್ಟು ಕಳಿಸಿದೆ. ವಾರ ಬಿಟ್ಟು ಮತ್ತೆ ಬಂದರು. ಮತ್ತೆ ಪುಡಿ ಕೊಟ್ಟೆ. ಮೂರನೇ ಸಲ ಬಂದಾಗ ನಮ್ಮ ಸಾಹೇಬರು ಶಿವರಾಮಯ್ಯನವರು ಅಲ್ಲೇ ಇದ್ದರು. ಹುಳುಗಳ ವಿಚಾರ ಓದಿಕೊಂಡವರು, ಜೋರಾಗಿ ಮಾತಾಡಿದವರಲ್ಲ.

“ಇರುವೆ ಅಂತ ಹೇಳ್ದೆ, ಸರಿ,” ಎಂದರು ನನಗೆ. “ಯಾಕ್ ಬಂದಿದೆ ಅಂತ ಕೇಳಿದ್ಯಾ?”

ಸೈಕಲ್ ಹತ್ತಿ ಹೋಗಿ ನೋಡಿದರೆ ಮೊಗ್ಗಿನ ಬುಡದಲ್ಲಿ ಬೂದಿ ಮೆತ್ತಿದ ಹಾಗೆ ಬಿಳೀ ಹುಳು. ಗಿಡದ ರಸ ಹೀರುತ್ತಿದ್ದುದು ಅದು. ಅದು ಬಿಡುವ ಸಿಹಿ ನೀರಿಗೆ ಇರುವೆ ಬರುತ್ತಿತ್ತು, ಅಷ್ಟೇ. ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು, ಅರ್ಧ ಗಂಟೆ ಕೆಲಸ. ಬಿಳೀ ಹುಳು ಹೋಯಿತು, ಇರುವೆಯೂ ಹೋಯಿತು. ಸುಮ್ಮಸುಮ್ಮನೆ ಎರಡು ವಾರ ಇರುವೆಗಳನ್ನು ಕೊಲ್ಲಿಸಿದ್ದೆ.

ಇನ್ನೊಂದು ಸಲ ಯಲಹಂಕದಲ್ಲಿ. ಒಂದು ಮನೆಯ ಅಂಗಳದ ಮರಳಿನ ಮೇಲೆ ಕೆಂಪು ಕಪ್ಪು ಬಣ್ಣದ, ಮೈಮೇಲೆ ಬಿಳೀ ಚುಕ್ಕೆಯಿದ್ದ ದಪ್ಪ ಇರುವೆಯೊಂದು ಓಡಾಡುತ್ತಿತ್ತು. ಮಖಮಲ್ಲಿನ ಹಾಗೆ ರೋಮ. ಅಂಥ ಇರುವೆಯನ್ನು ನಾನು ನೋಡಿರಲಿಲ್ಲ. ಹಿಡಿಯಲು ಬಗ್ಗಿದಾಗ ಆ ಮನೆಯ ಅಜ್ಜಿ, “ಅದ್ನ ಕೈಯಾಗೆ ಮುಟ್ಬ್ಯಾಡ ಕಣಪ್ಪ, ಅದು ಇರುವೆ ಅಲ್ಲ,” ಎಂದಳು.

“ಇರುವೆನೇ ಕಣಜ್ಜಿ, ನಂಗೊತ್ತು,” ಎಂದು ಎರಡು ಬೆರಳಲ್ಲಿ ಹಿಡಿದೆ.

ಅದು ರೆಕ್ಕೆಯಿಲ್ಲದ ಕಣಜದ ಹುಳು. ಹೆಣ್ಣಿಗೆ ರೆಕ್ಕೆ ಇರುವುದಿಲ್ಲ, ಮುಳ್ಳು ಮಾತ್ರ ಇರುತ್ತದೆ. ಸಾಯಂಕಾಲದವರೆಗೂ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಓಡಾಡಿದೆ. ಅಜ್ಜಿ ಸುಣ್ಣ ಹಚ್ಚುತ್ತಾ, “ಇಂಗೆ ಆಗ್ತದೆ ಅಂತಾನೇ ಏಳಿದ್ದು ನಾನು,” ಎಂದು ನಕ್ಕಳು.

ಇಷ್ಟು ಪಾಠವಾದ ಮೇಲೆ ನಾನು ಕಲಿತೆ. ಕಲಿತೆ ಅಂತ ನಾನೇ ಅಂದುಕೊಂಡೆ. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಲೆನ್ಸಿಲ್ಲದೆಯೇ ಇರುವೆಗಳ ಜಾತಿ ಹೇಳುತ್ತಿದ್ದೆ. ಇಂಗ್ಲಿಷ್ ಪುಸ್ತಕದ ದೊಡ್ಡ ದೊಡ್ಡ ಹೆಸರುಗಳನ್ನು ಸಾಹೇಬರ ಬಾಯಿಂದ ಕೇಳಿ ಕನ್ನಡ ಅಕ್ಷರದಲ್ಲಿ ಒಂದು ನೋಟ್‌ಬುಕ್ಕಿಗೆ ಬರೆದಿಟ್ಟುಕೊಂಡಿದ್ದೆ. ಎಂ.ಎಸ್ಸಿ. ಓದುವವರು ಬಂದು ನನ್ನ ನೋಟ್‌ಬುಕ್ಕು ನೋಡಿ ನಗುತ್ತಿದ್ದರು, ಆಮೇಲೆ ಅದನ್ನೇ ಕಡ ಕೇಳುತ್ತಿದ್ದರು. ಸಾಹೇಬರು ಟೂರಿಗೆ ಹೋದಾಗ ಸುಲಭದ ಹುಳುಗಳಿಗೆ ಚೀಟಿ ಬರೆದುಕೊಡುವ ಅನುಮತಿ ನನಗಿತ್ತು. ಆರನೇ ಕ್ಲಾಸಿಗೆ ಬಿಟ್ಟವನು ಸರ್ಕಾರಿ ಚೀಟಿಗೆ ರುಜು ಹಾಕುತ್ತಿದ್ದೇನೆ ಎಂಬ ಹೆಮ್ಮೆ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ಸಾಹೇಬರು ಹಾಗೆ ಟೂರಿನಲ್ಲಿದ್ದ ಒಂದು ಸೋಮವಾರ. ಫೆಬ್ರವರಿ ಇರಬೇಕು, ಮಾವು ಹೂ ಬಿಟ್ಟಿತ್ತು. ಕಿಟಕಿಯ ಮುಂದೆ ಏಳೆಂಟು ಜನ ನಿಂತಿದ್ದರು. ಅವರಲ್ಲಿ ಜುಲೇಖಾಬಿ ಎಂಬವರು ಒಬ್ಬರು. ಆರ್.ಟಿ. ನಗರದವರು, ನಡುವಯಸ್ಸು. ಮನೆಯ ಮುಂದಿನ ಮಾವಿನ ಮರದ ಕೆಳಗೆ ಮೆಷಿನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದರು. ಕೈಯಲ್ಲಿ ಖಾಲಿ ಇಂಜೆಕ್ಷನ್ ಸೀಸೆ, ಅದರಲ್ಲಿ ಸತ್ತು ಮುದುಡಿದ ಒಂದು ಕೆಂಪು ಹುಳು.

“ಏನಮ್ಮ ತಂದಿರೋದು?”

“ಮಕ್ಡಿ, ಭಾಯ್. ನಮ್ಮ ಮರದ್ದು. ಪಕ್ಕದ ಮನೆ ಮೇಷ್ಟ್ರು ಇದನ್ನ ಕೆಂಜಿಗ ಅಂತಾರೆ.”

ಕೆಂಜಿಗ ಗೊತ್ತಲ್ಲ, ಹಸಿರೆಲೆಗಳನ್ನು ಸೇರಿಸಿ ಹೊಲಿದು ಮರದ ಮೇಲೇ ಗೂಡು ಮಾಡುವ ಕೆಂಪಿರುವೆ. ಮೈಮೇಲೆ ಬಿದ್ದು ಕಚ್ಚಿ ಹಿಡಿದರೆ ಬಿಡುವುದಿಲ್ಲ. ಆಕೆ ವಿಷಯ ಹೇಳಿದರು. ಆ ಮರದ ದೊಡ್ಡ ಕೊಂಬೆಯೊಂದು ಪಕ್ಕದ ಮೇಷ್ಟರ ತಾರಸಿಯ ಮೇಲೆ ಚಾಚಿತ್ತು. ಮೇಷ್ಟರ ಹೆಂಡತಿಯನ್ನು ತಾರಸಿಯಲ್ಲಿ ಎರಡು ಸಲ ಕೆಂಜಿಗ ಕಚ್ಚಿ ಕೈ ಊದಿಕೊಂಡಿತ್ತು. ಕೊಂಬೆ ತೆಗೆಸಿ ಎಂದು ಮೇಷ್ಟರು, ನನ್ನ ಮರದಲ್ಲಿ ಕೆಂಜಿಗವೇ ಇಲ್ಲ ಎಂದು ಈಕೆ.

“ಹುಳದ ಆಫೀಸಿನೋರು ಏನ್ ಬರ್ದುಕೊಡ್ತಾರೋ ಹಂಗೆ ಮಾಡೋಣ ಅಂತ ಇಬ್ರೂ ಒಪ್ಕೊಂಡಿದೀವಿ, ಭಾಯ್. ಆ ಕೊಂಬೆ ಹೋದ್ರೆ ಅರ್ಧ ಮರ ಹೋದಂಗೆ. ಕಾಯಿ ಬಿಡೋದೆಲ್ಲ ಆ ಕಡೆನೇ.”

ನಾನು ಸೀಸೆಯನ್ನು ಬೆಳಕಿಗೆ ಹಿಡಿದೆ. ಕೆಂಪು ಬಣ್ಣ, ಸಣ್ಣ ನಡು, ಎರಡು ಕಪ್ಪು ಕಣ್ಣು. ಆರು ಕಾಲು, ಎರಡು ಮೀಸೆ. “ಕೆಂಜಿಗನೇ ಅಮ್ಮ,” ಎಂದೆ.

“ನೈ ಭಾಯ್, ಮಕ್ಡಿ. ಮಕೋಡಾ ನೈ. ಇದು ಒಂಟಿಯಾಗಿ ಎಲೆ ಮೇಲೆ...”

ಮುಗಿಸಲು ಬಿಡಲಿಲ್ಲ ನಾನು. ಮಕೋಡಾ ಅಂದರೆ ದೊಡ್ಡ ಇರುವೆ ಎಂದು ನನಗೆ ಗೊತ್ತಿತ್ತು. ನಮ್ಮೂರಿನಲ್ಲಿ ಸಾಬರ ಮನೆಗಳ ನಡುವೆಯೇ ಬೆಳೆದವನು. ಬಕ್ರಾ ಅಂದರೆ ಹೋತ, ಬಕ್ರಿ ಅಂದರೆ ಮೇಕೆ. ಮುರ್ಗಾ ಹುಂಜ, ಮುರ್ಗಿ ಹೇಂಟೆ. ಹಾಗೆಯೇ ಮಕೋಡಾ ದೊಡ್ಡದು, ಮಕ್ಡಿ ಅದರ ಚಿಕ್ಕದು. ಅರೆ ಕ್ಷಣದಲ್ಲಿ ನನ್ನ ತಲೆ ಈ ವ್ಯಾಕರಣ ಮಾಡಿ ಮುಗಿಸಿತ್ತು.

“ನಿಮ್ಮ ಭಾಷೆ ನಂಗೂ ಬರುತ್ತಮ್ಮ,” ಎಂದೆ. “ದೊಡ್ಡದಾದ್ರೇನು ಚಿಕ್ಕದಾದ್ರೇನು, ಇರುವೆ ಇರುವೆನೇ.”

ಹಿಂದೆ ನಿಂತಿದ್ದವರು ನಕ್ಕರು. ಆಕೆ ನಗಲಿಲ್ಲ. “ಕನ್ನಡದಲ್ಲಿ ಅದಕ್ಕೇನಂತಾರೋ ನಂಗೆ ಬರಲ್ಲ,” ಎಂದಷ್ಟೇ ಹೇಳಿ ಚೀಟಿ ತೆಗೆದುಕೊಂಡರು. ಆರ್.ಟಿ. ನಗರ. ಮಾವು. ಕೆಂಜಿಗ. ಕೆಳಗೆ ನನ್ನ ರುಜು.

ಶನಿವಾರ ಬೆಳಿಗ್ಗೆ ಆಕೆ ಮತ್ತೆ ಬಂದರು. ಈ ಸಲ ಒಂದು ಜಾಮ್ ಬಾಟಲಿ, ಬಾಯಿಗೆ ರವಿಕೆಯ ಲೈನಿಂಗ್ ಬಟ್ಟೆ ಕಟ್ಟಿತ್ತು. ಒಳಗೆ ಒಂದು ಮಾವಿನೆಲೆ, ಎಲೆಯ ಮೇಲೆ ಜೀವಂತ ಹುಳು.

“ನಾಳೆ ಮರ ಕಡಿಯೋರು ಬರ್ತಾರೆ, ಭಾಯ್. ಮೇಷ್ಟ್ರು ಹೇಳ್ಬಿಟ್ಟಿದಾರೆ. ಮಾತು ಕೊಟ್ಟಿದೀನಿ, ನಾನೂ ಬೇಡ ಅನ್ನಲ್ಲ. ಇವತ್ತು ಇದನ್ನ ಕೂತ್ಕೊಂಡು ನೋಡಿ. ನಾನೇನೂ ಮಾತಾಡಲ್ಲ.”

ಹಾಗೆಂದು ಬೆಂಚಿನ ಮೇಲೆ ಕೂತು, ಚೀಲದಿಂದ ಒಂದು ರವಿಕೆ ತೆಗೆದು ಹುಕ್ಕು ಹೊಲಿಯತೊಡಗಿದರು.

ನನಗೆ ಸಿಟ್ಟು ಬಂತು. ಆದರೂ ಬಾಟಲಿಯನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಹುಳು ಇರುವೆಯ ಹಾಗೆಯೇ ಓಡಾಡುತ್ತಿತ್ತು, ಮೀಸೆ ಅಲ್ಲಾಡಿಸುತ್ತಿತ್ತು. ನೋಡಮ್ಮ ಅನ್ನೋಣ ಎಂದುಕೊಂಡು ಬಾಟಲಿಯನ್ನು ಒಂದು ಪಕ್ಕಕ್ಕೆ ವಾಲಿಸಿದೆ. ಹುಳು ಎಲೆಯಿಂದ ಜಾರಿತು. ಆದರೆ ಕೆಳಗೆ ಬೀಳಲಿಲ್ಲ. ನಡುವೆ ನಿಂತಿತು. ಗಾಳಿಯಲ್ಲಿ ತೂಗಾಡುತ್ತ ಮೆಲ್ಲಗೆ ಸುತ್ತುತ್ತಿತ್ತು.

ನೂಲಿನ ಮೇಲೆ ಇಳಿಯುವ ಇರುವೆಯನ್ನು ನಾನು ಕಂಡಿಲ್ಲ, ಯಾರೂ ಕಂಡಿಲ್ಲ. ಡ್ರಾಯರಿನಿಂದ ಲೆನ್ಸ್ ತೆಗೆದೆ. ಮೀಸೆ ಎಂದುಕೊಂಡಿದ್ದವು ಮೀಸೆಗಳಾಗಿರಲಿಲ್ಲ. ಇರುವೆಯ ಮೀಸೆ ನಮ್ಮ ಮೊಣಕೈ ಹಾಗೆ ಮಡಚಿಕೊಂಡಿರುತ್ತದೆ. ಇವು ಮುಂದಿನ ಎರಡು ಕಾಲುಗಳು, ಮೀಸೆಯ ಹಾಗೆ ಮೇಲೆತ್ತಿ ಹಿಡಿದಿದ್ದವು. ಎರಡು ಮೀಸೆ, ಆರು ಕಾಲು, ಒಟ್ಟು ಎಂಟು ಎಂದು ಸೋಮವಾರ ಎಣಿಸಿದ್ದೆ. ಎಂಟು ಎಣಿಸಿದ್ದು ಸರಿಯೇ. ಎಂಟೂ ಕಾಲುಗಳಾಗಿದ್ದವು.

“ಅಮ್ಮ,” ಎಂದೆ. “ಇದು ಜೇಡ.”

ಆಕೆ ತಲೆಯೆತ್ತದೆ ಹಲ್ಲಿನಿಂದ ದಾರ ಕಡಿದರು. “ಜೇಡ ಅಂತಾರಾ ಕನ್ನಡದಲ್ಲಿ? ಸೋಮವಾರದಿಂದ ಅದನ್ನೇ ಹೇಳ್ತಿದೀನಿ.”

ಸಾಹೇಬರು ಹಿಂದಿನ ರಾತ್ರಿ ಟೂರಿನಿಂದ ವಾಪಸಾಗಿದ್ದರು. ಬಾಟಲಿ ತೆಗೆದುಕೊಂಡು ಹೋಗಿ ಅವರ ಮುಂದೆ ನಿಂತು ಎಲ್ಲ ಹೇಳಿದೆ, ಆಕೆಯ ಮೇಲೆ ಜನರನ್ನು ನಗಿಸಿದ್ದನ್ನೂ ಬಿಡದೆ. ಅವರು ಬಹಳ ಹೊತ್ತು ಲೆನ್ಸಿನಲ್ಲಿ ನೋಡಿದರು.

“ಕೆಂಜಿಗದ ವೇಷ ಹಾಕಿರೋ ಜೇಡ ಇದು. ಹಕ್ಕಿಗಳು ಕೆಂಜಿಗ ಅಂತ ಹೆದರಿ ತಿನ್ನೋದಿಲ್ಲ. ನಮ್ಮ ಬೀರುವಿನಲ್ಲೇ ಇದು ಇಲ್ಲ ಕಣಯ್ಯ.” ಆಮೇಲೆ ಕೇಳಿದರು, “ಆಯಮ್ಮ ಮೊದಲನೇ ದಿನ ಏನಂದ್ರು?”

“ಮಕ್ಡಿ ಅಂದ್ರು, ಸಾರ್.”

“ಬರ್ಕೊಂಡ್ಯಾ?”

“ಇಲ್ಲ ಸಾರ್. ಚೀಟಿಯಲ್ಲಿ ಅದಕ್ಕೆ ಜಾಗ ಇಲ್ಲ.”

ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟರು. ಬೈದಿದ್ದರೆ ವಾಸಿಯಿತ್ತು. “ವೇಷ ಹಾಕೋದು ಅಸಲಿ ಇರೋ ಕಡೆನೇ,” ಎಂದರು. “ಅಸಲಿ ಕೆಂಜಿಗ ಅಲ್ಲೇ ಹತ್ತಿರದಲ್ಲಿ ಎಲ್ಲೋ ಇರ್ಬೇಕು. ಹೋಗು, ಎಲ್ಲಿದೆ ನೋಡ್ಕೊಂಡು ಬಾ. ಚೀಟಿನೂ ವಾಪಸ್ ತಗೊಂಡು ಬಾ.”

ಆರ್.ಟಿ. ನಗರಕ್ಕೆ ಸೈಕಲ್ ತುಳಿಯುವಾಗ ನನಗೆ ಎರಡು ಭಯವಿತ್ತು. ಆ ಮಾವಿನ ಮರದಲ್ಲೇ ಕೆಂಜಿಗದ ಗೂಡಿದ್ದರೆ ಜೇಡವಿದ್ದೂ ಪ್ರಯೋಜನವಿಲ್ಲ, ಮೇಷ್ಟರು ಹೇಳಿದ್ದೇ ಸರಿಯಾಗುತ್ತದೆ, ಕೊಂಬೆ ಹೋಗುತ್ತದೆ. ಇನ್ನೊಂದು ಭಯ ಮೇಷ್ಟರದೇ.

ನಾರಾಯಣಪ್ಪ ಮೇಷ್ಟರು ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರಾಗಿ ರಿಟೈರ್ ಆದವರು. ಬಿಳೀ ಪಂಚೆ, ಕನ್ನಡಕ. ಚೀಟಿಯನ್ನು ಮಡಚಿ ಪಂಚಾಂಗದೊಳಗೆ ಜೋಪಾನವಾಗಿಟ್ಟಿದ್ದರು. ನಾನು ತಪ್ಪು ಬರೆದೆ ಎಂದು ಹೇಳಿದೆ.

“ಬರವಣಿಗೆಯಲ್ಲಿ ಕೊಟ್ಟಿದ್ದೀರಲ್ಲಪ್ಪ. ಬರೆದುಕೊಟ್ಟಿದ್ದನ್ನ ಬಾಯಲ್ಲಿ ವಾಪಸ್ ತಗೊಳ್ಳೋದು ಹ್ಯಾಗೆ?”

“ಅದಕ್ಕೂ ಮೊದ್ಲು ಮರ ನೋಡ್ಬಿಡ್ತೀನಿ, ಮೇಷ್ಟ್ರೇ. ಗೂಡು ಸಿಕ್ಕಿದ್ರೆ ನಾನೇ ಕೊಂಬೆ ಕಡೀತೀನಿ.”

ಚಪ್ಪಲಿ ಬಿಟ್ಟು ಮರ ಹತ್ತಿದೆ. ಸೋಮವಾರವೇ ಮಾಡಬೇಕಾಗಿದ್ದ ಕೆಲಸ ಅದು. ಕೆಳಗೆ ಒಂದು ಕಡೆ ಜುಲೇಖಾಬಿ, ಕಾಂಪೌಂಡಿನ ಆಚೆ ಮೇಷ್ಟರು, ಅವರ ಪಕ್ಕ ಅವರ ಹೆಂಡತಿ ಸೀತಮ್ಮನವರು. ಕೊಂಬೆಕೊಂಬೆಯನ್ನೂ ತುದಿಯವರೆಗೆ ನೋಡಿದೆ. ಹೂವು ಮೈಗೆಲ್ಲ ಉದುರಿತು. ಹೊಲಿದ ಎಲೆ ಒಂದೂ ಇಲ್ಲ. ಎಲೆಯ ಅಡಿಯಲ್ಲಿ ಅಲ್ಲಲ್ಲಿ ಬೆರಳುಗುರಿನಷ್ಟು ಬಿಳೀ ನೂಲಿನ ಮನೆ, ಒಂದೊಂದರಲ್ಲಿ ಒಂಟಿ ಜೇಡ. ಆಕೆ ಸೋಮವಾರ ‘ಒಂಟಿಯಾಗಿ ಎಲೆ ಮೇಲೆ’ ಎಂದಿದ್ದು ನೆನಪಾಯಿತು.

ಹಾಗೆಯೇ ಕೊಂಬೆಯ ಮೇಲಿಂದ ಮೇಷ್ಟರ ತಾರಸಿಗೆ ಇಳಿದು, ಗಂಡ ಹೆಂಡತಿ ಮೆಟ್ಟಿಲು ಹತ್ತಿ ಬಂದ ಮೇಲೆ, “ಕಚ್ಚಿದ್ದೆಲ್ಲಿ ಅಮ್ಮ?” ಎಂದು ಸೀತಮ್ಮನವರನ್ನು ಕೇಳಿದೆ. ಆವರೆಗೆ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

“ಬಟ್ಟೆ ಒಣಗಾಕುವಾಗ. ಎರಡು ಸಲಾನೂ ಆ ತುದೀಲಿ,” ಎಂದರು. ಮಾವಿನ ಕೊಂಬೆಯಿದ್ದುದು ಈ ತುದಿಯಲ್ಲಿ.

ಬಟ್ಟೆಯ ತಂತಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಮೇಷ್ಟರು ಕುರ್ಚಿ ತರಿಸಿಕೊಂಡು ಕೂತರು. ಸುಮಾರು ಅರ್ಧ ಗಂಟೆಯಾಗಿರಬೇಕು. ತಂತಿಯ ಮೇಲೆ ಒಂದು ಕೆಂಜಿಗ ಬಂತು, ಅದರ ಹಿಂದೆ ಇನ್ನೊಂದು. ಮಡಚಿದ ಮೀಸೆ, ಆರು ಕಾಲು. ಬಂದ ದಾರಿ ಹಿಡಿದು ನೋಡಿದೆ. ತಂತಿಯ ಆಚೆಯ ತುದಿಯನ್ನು ಮೇಷ್ಟರ ಹಿತ್ತಲಿನ ಚಕ್ಕೋತದ ಮರಕ್ಕೆ ಕಟ್ಟಿತ್ತು. ಆ ಮರದ ನೆತ್ತಿಯಲ್ಲಿ ಎಲೆ ಎಲೆ ಸೇರಿಸಿ ಹೊಲಿದ ಗೂಡು, ತೆಂಗಿನಕಾಯಿಯ ಗಾತ್ರದ್ದು. ಪಕ್ಕದಲ್ಲಿ ಇನ್ನೂ ಎರಡು.

“ಕೆಂಜಿಗದ ಗೂಡು ಚಕ್ಕೋತದ ಮರದಲ್ಲಿದೆ,” ಎಂದು ಕೆಳಗೂ ಕೇಳುವ ಹಾಗೆ ಕೂಗಿ ಹೇಳಿದೆ. ಮೊದಲು ಸೀತಮ್ಮನವರೇ, “ತಂತಿ ಕಟ್ಟಿದ್ದು ಇವ್ರೇ ಕಣ್ರೀ,” ಎಂದರು. ಕೆಳಗಿನಿಂದ ಜುಲೇಖಾಬಿ, “ಕೆಂಜಿಗನೂ ನನ್ನಂಗೆ ಹೊಲಿಯೋದೇ. ನಿಮ್ಮ ಮರನೂ ಕಡೀಬೇಡಿ ಮೇಷ್ಟ್ರೇ, ತಂತಿ ಬಿಚ್ಚಿ ಸಾಕು,” ಎಂದರು.

ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮನೆಯೊಳಕ್ಕೆ ಹೋಗಿ ಚೀಟಿ ತಂದು ನನ್ನ ಮುಂದಿಟ್ಟು, “ಹಿಂದುಗಡೆ ಬರೆದು ರುಜು ಹಾಕಿ,” ಎಂದರು. ನಾನು ಬರೆದೆ: ‘ಇದು ಕೆಂಜಿಗ ಅಲ್ಲ. ಜೆಡ. ನಾನು ತಪ್ಪಾಗಿ ಹೇಳಿದ್ದೆ.’ ಅವರು ಓದಿ, ಜೇಬಿನಿಂದ ಕೆಂಪು ಪೆನ್ನು ತೆಗೆದು ಜೆಡದ ‘ಜೆ’ಗೆ ದೀರ್ಘ ಎಳೆದರು. “ಎಷ್ಟನೇ ಕ್ಲಾಸಿಗೆ ಬಿಟ್ರಿ?”

“ಆರು, ಮೇಷ್ಟ್ರೇ.”

“ಇನ್ನೊಂದು ವರ್ಷ ಬಂದಿದ್ರೆ ಕಲಿಸಿರ್ತಿದ್ರು,” ಎಂದು ಚೀಟಿ ಕೊಟ್ಟರು. ಭಾನುವಾರ ಬರಬೇಕಾಗಿದ್ದ ಕೊಡಲಿಯವರಿಗೆ ಅವರೇ ಹೇಳಿಕಳಿಸಿದರು. ತಂತಿಯನ್ನು ನಾನೇ ಬಿಚ್ಚಿ ಗೋಡೆಯ ಮೊಳೆಗೆ ಕಟ್ಟಿದೆ.

ಸೋಮವಾರ ಸಾಹೇಬರು ಹೊಸ ಚೀಟಿಗಳ ಕಟ್ಟು ಕತ್ತರಿಸಲು ಹೇಳಿದರು. ಅಳತೆ ಕೇಳಿದೆ. “ನಾಲ್ಕು ಸಾಲಿಗೆ ಸಾಲುವಷ್ಟು,” ಎಂದರು. ಅಂದಿನಿಂದ ನಮ್ಮ ಚೀಟಿಗೆ ನಾಲ್ಕನೆಯ ಸಾಲು ಬಂತು: ಮನೆಯವರು ಏನೆನ್ನುತ್ತಾರೆ. ಅವರು ಹೇಳಿದ ಹಾಗೆ, ಹೇಳಿದ ಭಾಷೆಯಲ್ಲಿ, ನಾವು ತಿದ್ದದೆ ಬರೆಯಬೇಕು. ಮೊದಲ ಹೊಸ ಚೀಟಿಯನ್ನು ಜುಲೇಖಾಬಿಯವರ ಮಕ್ಡಿಗೇ ಬರೆದು, ಒಂದು ಪ್ರತಿಯನ್ನು ಅವರಿಗೆ ಕೊಟ್ಟುಬಂದೆ. ತಮಿಳು, ತೆಲುಗು, ದಖನಿ, ನಮ್ಮೂರ ಕಡೆಯ ಕನ್ನಡ, ಎಲ್ಲವೂ ಆ ಸಾಲಿನಲ್ಲಿವೆ. ಆ ಸಾಲು ತುಂಬಿಸಬೇಕಾದರೆ ಹುಳು ತಂದವರ ಮಾತು ಮುಗಿಯುವವರೆಗೆ ಕೇಳಲೇಬೇಕಾಗುತ್ತದೆ. ಅನೇಕ ಸಲ ಉತ್ತರ ಅಲ್ಲೇ ಇರುತ್ತಿತ್ತು. ಆಮೇಲೂ ನಾನು ತಪ್ಪು ಮಾಡಿದ್ದೇನೆ, ಆದರೆ ಆ ಬಗೆಯ ತಪ್ಪು ಮಾಡಲಿಲ್ಲ. ನನ್ನ ಜಾಗಕ್ಕೆ ಬಂದವರಿಗೆ ಲೆನ್ಸ್ ಹಿಡಿಯುವುದಕ್ಕಿಂತ ಮೊದಲು ಆ ಸಾಲು ಬರೆಯುವುದನ್ನೇ ಕಲಿಸಿದೆ. ಈಗ ಸೇರುವವರಿಗೂ ಹೇಳುವುದು ಅಷ್ಟೇ.

ಆ ವರ್ಷ ಜೂನ್ ತಿಂಗಳಲ್ಲಿ ಕಚೇರಿಗೆ ಒಂದು ಬಿದಿರು ಬುಟ್ಟಿ ಬಂತು. ಹುಲ್ಲಿನ ಮೇಲೆ ಮಾಗಿದ ಮಾವಿನ ಹಣ್ಣು, ಹಿಡಿಗೆ ದಾರದಲ್ಲಿ ಹೊಲಿದ ಒಂದು ಚೀಟಿ. ಹೊಲಿಗೆ ಯಾರದೆಂದು ಗೊತ್ತಾಯಿತು. ಅಕ್ಷರ ಮಾತ್ರ ಬೇರೆಯವರದು, ಗುಂಡಗೆ, ದೀರ್ಘ ಒತ್ತು ಎಲ್ಲ ಸರಿಯಾಗಿ, ಕೆಂಪು ಇಂಕಿನಲ್ಲಿ. ಸಾಹೇಬರು ಗಟ್ಟಿಯಾಗಿ ಓದಿದರು.

‘ಆರ್.ಟಿ. ನಗರ. ಮಾವು. ರಸಪುರಿ. ಮನೆಯವರು ಏನೆನ್ನುತ್ತಾರೆ: ಆಮ್.’

“ಗುರುತು ಹಿಡಿಯಪ್ಪ, ಆಂಜಿನಪ್ಪ,” ಎಂದು ಬುಟ್ಟಿಯನ್ನು ನನ್ನ ಕಡೆಗೆ ತಳ್ಳಿದರು.

ನಾನು ಒಂದು ಹಣ್ಣು ಕೈಗೆತ್ತಿಕೊಂಡು ತೊಟ್ಟಿನ ಸುತ್ತ ನೋಡಿದೆ. ಅಭ್ಯಾಸ. ಸಣ್ಣದೊಂದು ಕೆಂಪು ಹುಳು ಅಲ್ಲಿ ಅವಿತು ಕೂತಿತ್ತು. ಕಾಲು ಎಣಿಸಿದೆ. ಕಿಟಕಿಯ ಆಚೆ ಬಿಟ್ಟೆ, ನೂಲು ಹಿಡಿದುಕೊಂಡು ಇಳಿದುಹೋಯಿತು. ಆಮೇಲೆ ಹಣ್ಣು ತಿಂದೆ.